ಪಂಕ್ತಿಯಲ್ಲಿ ತಪ್ಪು ತಿದ್ದಿದವರದೇ ತಪ್ಪೇ?

ಪ್ರಶ್ನೆ – ಮಲೆನಾಡಿಗ
ಶಿರಸಿ ಕಡೆಯ ಮದುವೆಯೊಂದಕ್ಕೆ ಪಂಜಾಬಿನ ಸಹೋದ್ಯೋಗಿಯೊಬ್ಬರನ್ನು ಕರೆದೊಯ್ದಿದ್ದೆ. ಬಾಳೆಲೆಯ ಊಟ ಅವರಿಗೆ ಹೊಸದಾದ್ದರಿಂದ, ಅನ್ನಕ್ಕೆ ತುಪ್ಪ ಬೀಳುವ ಮೊದಲೇ ಕೋಸಂಬರಿಗೆ ಕೈ ಹಾಕಿದರು. ಎದುರು ಸಾಲಿನಲ್ಲಿದ್ದ ನಮ್ಮ ದೊಡ್ಡಪ್ಪನವರು "ಪಂಕ್ತಿ ಎಂದರೇನೆಂದು ಗೊತ್ತಿಲ್ಲವೇ?" ಎಂದು ಇಡೀ ಚಪ್ಪರಕ್ಕೆ ಕೇಳಿಸುವಂತೆ ಗದರಿದರು. ಕನ್ನಡ ಬಾರದಿದ್ದರೂ ಅತಿಥಿಯ ಕೈ ಎಲೆಯ ಮೇಲೆಯೇ ನಿಂತಿತು; ಆಮೇಲೆ ಅವರು ಪಾಯಸವನ್ನೂ ಮುಟ್ಟಲಿಲ್ಲ. "ಅತಿಥಿಗೆ ಹೀಗೆ ಹೇಳಬಾರದಿತ್ತು" ಎಂದು ನಾನು ಅಲ್ಲೇ ಹೇಳಿಬಿಟ್ಟೆ. ಈಗ ನೆಂಟರೆಲ್ಲ, ಹಿರಿಯರನ್ನು ಎಲ್ಲರೆದುರು ತಿದ್ದಿದ ನಾನೇ ಒರಟ ಎನ್ನುತ್ತಿದ್ದಾರೆ. ನಿಜವೇ?

ಉತ್ತರ – ತುಂಗಾತೀರ
ಬಡಿಸುವವರು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುವುದರಿಂದ, ಮೊದಲ ಎಲೆಯವರು ಉಣ್ಣತೊಡಗಿದರೆ ಕೊನೆಯ ಎಲೆಯವರು ನೋಡುತ್ತಾ ಕೂರಬೇಕಾಗುತ್ತದೆ. ಯಜಮಾನರು ಬಂದು "ಸಾವಕಾಶವಾಗಿ ಊಟ ಮಾಡಿ" ಎನ್ನುವವರೆಗೆ ಕಾಯುವುದು ಪಕ್ಕದವರಿಗೆ ಮುಜುಗರವಾಗದಿರಲೆಂದು. ಆ ನಿಯಮದ ಹೆಸರಿನಲ್ಲಿಯೇ ಒಬ್ಬರನ್ನು ಮುಜುಗರಪಡಿಸಿದ್ದು ನಿಮ್ಮ ದೊಡ್ಡಪ್ಪನವರ ತಪ್ಪು. ಆದರೆ ಕರೆದೊಯ್ದವರು ನೀವು. ಎಲೆಗೆ ನೀರು ಚಿಮುಕಿಸುವಾಗಲೇ ಅತಿಥಿಯ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ನಡೆಯುತ್ತಿರಲಿಲ್ಲ.

ಉತ್ತರ – ಅಡುಗೆಮನೆ
ತಿದ್ದುವುದೇ ಒರಟುತನವೆಂದರೆ ನಾನು ಒಪ್ಪುವುದಿಲ್ಲ. ಚಿಕ್ಕವಳಿದ್ದಾಗ ನಾನು ಎಲೆಯ ತುದಿಯನ್ನು ಬಲಕ್ಕೆ ಮಾಡಿ ಕುಳಿತರೆ, ಅಜ್ಜಿ ಉಪ್ಪು ಬಡಿಸಲು ಬಗ್ಗಿದವರು ಮಾತಿಲ್ಲದೆ ಎಲೆಯನ್ನು ತಿರುಗಿಸಿ, ಎಡತುದಿಯಲ್ಲಿ ಉಪ್ಪು ಇಟ್ಟು ಮುಂದೆ ಹೋಗುತ್ತಿದ್ದರು. ಪಕ್ಕದವರಿಗೂ ತಿಳಿಯುತ್ತಿರಲಿಲ್ಲ, ನಾನೂ ಮರೆಯಲಿಲ್ಲ. ಗದರುವವರಿಗೆ ಬೇಕಾದದ್ದು ತಪ್ಪು ಸರಿಹೋಗುವುದಲ್ಲ, ತಮಗೆ ಗೊತ್ತಿದೆಯೆಂದು ಹತ್ತು ಜನಕ್ಕೆ ಗೊತ್ತಾಗುವುದು.

ಉತ್ತರ – ಬಯಲುಸೀಮೆ
ತಿದ್ದುವವರ ನಿಯಮವೇ ಎಲ್ಲರ ನಿಯಮವಾಗಿರಬೇಕಲ್ಲ! ಉಂಡ ಎಲೆಯನ್ನು ನಮ್ಮ ಮನೆಯಲ್ಲಿ ಮಡಚುವುದಿಲ್ಲ. ಹೆಂಡತಿಯ ತವರಿನಲ್ಲಿ ಮಡಚದಿದ್ದರೆ ಊಟ ಸೇರಲಿಲ್ಲವೆಂದು ಅರ್ಥ. ಮದುವೆಯಾದ ಹೊಸತರಲ್ಲಿ ಎಲೆ ಬಿಚ್ಚಿಟ್ಟು ಎದ್ದ ನನ್ನನ್ನು ಅಲ್ಲಿಯ ಮಾವನೊಬ್ಬರು ಕೈತೊಳೆಯುವಲ್ಲಿಯವರೆಗೂ ಹಿಂಬಾಲಿಸಿ ತಿದ್ದಿದರು, ಅದೂ ತಮ್ಮ ಊಟ ಅರ್ಧಕ್ಕೇ ಬಿಟ್ಟು, ಪಂಕ್ತಿ ಏಳುವ ಮುನ್ನ.

ಮಲೆನಾಡಿಗ
ನಿನ್ನೆ ದೊಡ್ಡಪ್ಪನವರಿಗೆ ಫೋನ್ ಮಾಡಿ, ನಾನು ಎಲ್ಲರೆದುರು ಹೇಳಬಾರದಿತ್ತೆಂದು ಕ್ಷಮೆ ಕೇಳಿದೆ. ಅವರು ದೊಡ್ಡ ಮನಸ್ಸಿನಿಂದ ಕ್ಷಮಿಸಿ, ಕ್ಷಮೆಯನ್ನು ಫೋನಿನಲ್ಲಿ ಕೇಳುವುದು ಕ್ರಮವಲ್ಲವೆಂದು ತಿಳಿಸಿದರು.