ಕಾರಣ ತಿಳಿದ ಮೇಲೂ ಕಾಯಿಲೆ ಉಳಿಯುವುದೇಕೆ? ಮನೋವಿಶ್ಲೇಷಣೆಯ ಕುರಿತು ಒಂದು ಪ್ರಶ್ನೆ

ಹಳೆಪುಸ್ತಕ:
ಬಿ.ಎ. ಮನಃಶಾಸ್ತ್ರದ ಪಾಠಕ್ಕಾಗಿ ‘ಅನ್ನಾ ಓ.’ ಪ್ರಕರಣವನ್ನು ಓದುತ್ತಿದ್ದೇನೆ. ವಿಯೆನ್ನಾದ ವೈದ್ಯ ಜೋಸೆಫ್ ಬ್ರಾಯರ್ 1880ರಿಂದ 1882ರವರೆಗೆ ಚಿಕಿತ್ಸೆ ನೀಡಿದ ಈ ಯುವತಿಗೆ, ಬಾಯಾರಿಕೆ ಎಷ್ಟಿದ್ದರೂ, ಸುಮಾರು ಆರು ವಾರ ನೀರು ಕುಡಿಯಲಾಗಲಿಲ್ಲವಂತೆ. ಜೊತೆಗಿದ್ದ ಇಂಗ್ಲಿಷ್ ಮಹಿಳೆಯ ನಾಯಿ ಲೋಟದಲ್ಲಿ ನೀರು ಕುಡಿದದ್ದನ್ನು ಕಂಡು ಹೇಸಿದರೂ ಸೌಜನ್ಯಕ್ಕಾಗಿ ಸುಮ್ಮನಿದ್ದುದನ್ನು ಸಂಮೋಹನದ ಸ್ಥಿತಿಯಲ್ಲಿ ಹೇಳಿಕೊಂಡೊಡನೆ ಆಕೆ ನೀರು ಕೇಳಿ ಕುಡಿದಳು. ಆದರೆ 1882ರ ಜುಲೈನಲ್ಲಿ ಆಕೆಯನ್ನು ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗೆನ್ನಿನ ಆರೋಗ್ಯಧಾಮಕ್ಕೆ ಸೇರಿಸಬೇಕಾಯಿತು ಎಂದೂ ಓದಿದೆ. ನೆನಪು ಮರಳಿದರೆ ಕಾಯಿಲೆ ಹೋಗುವುದಾದರೆ ಹೀಗೇಕಾಯಿತು? ಸುಪ್ತ ಮನಸ್ಸೆಂದರೆ ಮರೆತ ನೆನಪುಗಳ ಉಗ್ರಾಣವೇ?

ಅರಳಿಕಟ್ಟೆ:
ತೊಡಕಿರುವುದು ಉಗ್ರಾಣವೆಂಬ ಹೋಲಿಕೆಯಲ್ಲೇ. ಉಗ್ರಾಣದ ಮೂಟೆ ಇಟ್ಟಲ್ಲೇ ಬಿದ್ದಿರುತ್ತದೆ. ನಾಲಗೆಯ ತುದಿಯಲ್ಲಿದ್ದು ಹೊಳೆಯದ ಹೆಸರು ಬೇಕಾದರೆ ಅಂಥದ್ದು. ಮನೋವಿಶ್ಲೇಷಣೆಯ ಸ್ಥಾಪಕ ಸಿಗ್ಮಂಡ್ ಫ್ರಾಯ್ಡ್ ಹೇಳಿದ ಸುಪ್ತ ಮನಸ್ಸಿನಲ್ಲಿರುವುದು, ನಾವೇ ಒಪ್ಪಲಾರದೆ ತಳ್ಳಿಬಿಟ್ಟ ಬಯಕೆಗಳು. ಅವು ಸುಮ್ಮನಿರದೆ ಕನಸು, ಬಾಯಿತಪ್ಪು, ರೋಗಲಕ್ಷಣಗಳ ವೇಷದಲ್ಲಿ ಮೇಲೇರಲು ಹವಣಿಸುತ್ತಲೇ ಇರುತ್ತವೆ ಮತ್ತು ಅವನ್ನು ಕೆಳಕ್ಕೊತ್ತುವ ಬಲವೂ ಅಷ್ಟೇ ಎಚ್ಚರವಾಗಿರುತ್ತದೆ. ಸಂಮೋಹನವು ಈ ಬಲವನ್ನು ಮರೆಮಾಡುತ್ತದೆ. ಫ್ರಾಯ್ಡ್ ಅದನ್ನು ಕೈಬಿಟ್ಟು, ರೋಗಿಯನ್ನು ಮಂಚದ ಮೇಲೆ ಮಲಗಿಸಿ, ತೋಚಿದ್ದನ್ನೆಲ್ಲ ಹೇಳುವಂತೆ ಕೇಳತೊಡಗಿದ ಮೇಲೆ ಅದು ಎದುರಿಗೇ ಕಾಣಿಸಿತು: ರೋಗಿ ಮಾತಿನ ನಡುವೆ ತಡವರಿಸುತ್ತಾನೆ, ‘ಏನೂ ತೋಚುತ್ತಿಲ್ಲ’ ಎನ್ನುತ್ತಾನೆ, ಮರುದಿನ ತಡವಾಗಿ ಬರುತ್ತಾನೆ. ಪ್ರತಿರೋಧವೆಂದು ಕರೆಯುವುದು ಇದನ್ನೇ. ಇದು ಸಡಿಲವಾಗದೆ ಕಾರಣವನ್ನಷ್ಟೇ ತಿಳಿಸುವುದು, ಬರಗಾಲದಲ್ಲಿ ಹಸಿದವರಿಗೆ ಊಟದ ಪಟ್ಟಿ ಹಂಚಿದಂತೆ ಎಂದು 1910ರಲ್ಲಿ ಫ್ರಾಯ್ಡ್ ಅವರೇ ಬರೆದಿದ್ದಾರೆ.

ಸಂಜೆಬಿಸಿಲು:
ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ರೋಗಿಯು ಹಳೆಯದನ್ನು ನೆನಪಿಸಿಕೊಳ್ಳುವ ಬದಲು, ತನಗೆ ಅರಿವಿಲ್ಲದೆಯೇ, ಚಿಕಿತ್ಸಕರೊಡನೆ ಅದನ್ನೇ ಮತ್ತೆ ನಡೆಸುತ್ತಾನೆ. ತಂದೆಯ ಮೇಲಿದ್ದ ಮುನಿಸು, ಭಯ, ಮೆಚ್ಚಿಸುವ ಹಂಬಲ ಎಲ್ಲವೂ ಎದುರಿಗಿರುವ ವ್ಯಕ್ತಿಯ ಮೇಲೆ ತಿರುಗುತ್ತವೆ. ಇದಕ್ಕೆ ಟ್ರಾನ್ಸ್‌ಫರೆನ್ಸ್ ಎನ್ನುತ್ತಾರೆ. ‘ವರ್ಗಾವಣೆ’ ಎಂಬ ಅನುವಾದ ನನಗೆ ಯಾಕೋ ಸರ್ಕಾರಿ ಆದೇಶದಂತೆ ಕೇಳಿಸುತ್ತದೆ. ಫ್ರಾಯ್ಡ್ ‘ಡೋರಾ’ ಎಂದು ಕರೆದ 18 ವರ್ಷದ ಹುಡುಗಿ 1900ರ ಡಿಸೆಂಬರ್ 31ರಂದು ಚಿಕಿತ್ಸೆಯನ್ನು ಹಠಾತ್ತನೆ ನಿಲ್ಲಿಸಿದಳು. ಈ ನಿರ್ಧಾರ ಯಾವಾಗಿನದೆಂದು ಫ್ರಾಯ್ಡ್ ಕೇಳಿದಾಗ, ಹದಿನೈದು ದಿನದ ಹಿಂದಿನದು ಎಂದಳು; ಕೆಲಸದವಳು ಮುನ್ಸೂಚನೆ ಕೊಟ್ಟು ಬಿಡುವ ರೀತಿ ಅದು ಎಂಬುದು ಅವರಿಗೆ ಆಗಲೇ ಹೊಳೆಯಿತು. ತನ್ನ ಮೇಲೆ ತಿರುಗಿದ ಭಾವವನ್ನು ಸಕಾಲದಲ್ಲಿ ಗುರುತಿಸಲಿಲ್ಲವೆಂದು 1905ರಲ್ಲಿ ಪ್ರಕರಣವನ್ನು ಪ್ರಕಟಿಸುವಾಗ ಅವರು ಒಪ್ಪಿಕೊಂಡರು. ನನ್ನ ಮಟ್ಟಿಗೆ, ಬ್ರಾಯರ್ ಅವರ ಚಿಕಿತ್ಸೆಯಲ್ಲಿ ಗಮನಕ್ಕೆ ಬಾರದೆ ಹೋದದ್ದೂ ಇದೇ.

ಹಳೆಪುಸ್ತಕ:
ಇಬ್ಬರಿಗೂ ಧನ್ಯವಾದಗಳು. ಆದರೂ ಒಂದು ಅನುಮಾನ. ರೋಗಿ ‘ಹೌದು’ ಎಂದರೆ ಚಿಕಿತ್ಸಕರು ಹೇಳಿದ್ದು ಸರಿ, ‘ಇಲ್ಲ’ ಎಂದರೆ ಅದು ಪ್ರತಿರೋಧ ಎನ್ನುವುದಾದರೆ, ಚಿಕಿತ್ಸಕರು ಸೋಲುವುದೇ ಇಲ್ಲವಲ್ಲ?

ಅರಳಿಕಟ್ಟೆ:
ಆಕ್ಷೇಪ ನ್ಯಾಯವಾದದ್ದು, ಹಳೆಯದೂ ಹೌದು. ಮನೋವಿಶ್ಲೇಷಣೆಯನ್ನು ಸುಳ್ಳೆಂದು ತೋರಿಸಬಲ್ಲ ಪರೀಕ್ಷೆಯೇ ಇಲ್ಲವೆಂದು ತತ್ವಜ್ಞಾನಿ ಕಾರ್ಲ್ ಪಾಪರ್ ವಾದಿಸಿದ್ದರು. ಫ್ರಾಯ್ಡ್ 1937ರ ಒಂದು ಬರಹದಲ್ಲಿ ನೀವು ಕೇಳಿದ ‘ಹೌದು’–‘ಇಲ್ಲ’ದ ಆಕ್ಷೇಪವನ್ನೇ ಎತ್ತಿಕೊಂಡು, ರೋಗಿಯ ‘ಹೌದು’ ಕೂಡ ‘ಇಲ್ಲ’ದಷ್ಟೇ ದುರ್ಬಲ ಸಾಕ್ಷಿ, ಆ ಮಾತಿನ ಬೆನ್ನಿಗೆ ಹೊಸ ನೆನಪುಗಳು ತಾವಾಗಿ ಹೊಮ್ಮುತ್ತವೆಯೇ ಎಂಬುದನ್ನು ನೋಡಬೇಕು ಎಂದರು. ಈ ಉತ್ತರದಿಂದ ನನಗೆ ಪೂರ್ಣ ಸಮಾಧಾನವಾಗಿಲ್ಲ, ಏಕೆಂದರೆ ಹೊಮ್ಮಿದ ನೆನಪು ಚಿಕಿತ್ಸಕರ ಸೂಚನೆಯಿಂದಲೇ ಹುಟ್ಟಿರಬಹುದು. ಅನ್ನಾ ಓ. ವಿಷಯದಲ್ಲೂ ಎಚ್ಚರ ಬೇಕು. ಆಕೆಯ ನಿಜನಾಮ ಬರ್ತಾ ಪಾಪನ್‌ಹೈಮ್. ಮುಂದೆ ಚೇತರಿಸಿಕೊಂಡು, ಜರ್ಮನಿಯಲ್ಲಿ 1904ರಲ್ಲಿ ಯಹೂದಿ ಮಹಿಳೆಯರ ಒಕ್ಕೂಟವನ್ನು ಸ್ಥಾಪಿಸಿ ಬಹುಕಾಲ ನಡೆಸಿದವರು. ಆ ಚೇತರಿಕೆಯನ್ನು ಬ್ರಾಯರ್ ಅವರ ಲೆಕ್ಕಕ್ಕೆ ಬರೆಯುವ ಪಠ್ಯಗಳು ಆರೋಗ್ಯಧಾಮದ ಅಧ್ಯಾಯವನ್ನು ದಾಟಿಸಿಬಿಡುತ್ತವೆ.