ಜೂಮ್ ಭಜನೆಗೆ ಯಾರೋ ನುಗ್ಗಿ ಗಲೀಜು ವಿಡಿಯೋ ಹಾಕಿದ್ರು, ಮುಂದೆ ಏನ್ ಮಾಡೋದು?

ಪ್ರಶ್ನೆ (ಬಸವನಗುಡಿಯಿಂದ):
ಎಲ್ರಿಗೂ ನಮಸ್ಕಾರ. ನಮ್ಮದೊಂದು ಭಜನಾ ಮಂಡಳಿ, ಲಾಕ್‌ಡೌನಲ್ಲಿ ಜೂಮಿಗೆ ಹೋದೋರು ಇನ್ನೂ ಅಲ್ಲೇ ಇದೀವಿ, ಯಾಕಂದ್ರೆ ಅರ್ಧ ಜನ ಈಗ ಮಕ್ಕಳ ಮನೇಲಿ, ಒಬ್ರು ವೈಟ್‌ಫೀಲ್ಡು, ಒಬ್ರು ಮೈಸೂರು, ಇಬ್ರು ಅಮೆರಿಕಾ. ಪ್ರತಿ ಏಕಾದಶಿ ಸಂಜೆ ದೇವರನಾಮ ಹೇಳ್ತೀವಿ. ಹೋದ ಸಲ ಮಧ್ಯದಲ್ಲಿ ಯಾರೋ ಮೂರ್ನಾಲ್ಕು ಹುಡುಗ್ರು ಬಂದು ಕಿರುಚಾಡಿ, ಒಬ್ಬ ಸ್ಕ್ರೀನ್ ಶೇರ್ ಮಾಡಿ ಹೇಳಬಾರದ ವಿಡಿಯೋ ಹಾಕ್ಬಿಟ್ಟ, ಎಂಬತ್ತು ದಾಟಿದೋರೆಲ್ಲ ಇದ್ರು ಸಾರ್. ಒಬ್ಬನ್ನ ತೆಗೆದ್ರೆ ಇನ್ನೊಬ್ಬ ಬರ್ತಿದ್ದ, ಕೊನೆಗೆ ಮೀಟಿಂಗೇ ಮುಚ್ಚಿದ್ವಿ. ಪಾಸ್‌ವರ್ಡ್ ಇತ್ತು! ಅಕೌಂಟು ನನ್ನ ಮಗ ದುಡ್ಡು ಕಟ್ಟಿ ಮಾಡಿಕೊಟ್ಟಿದ್ದು. ಹೊಸಬರೂ ಬರ್ಲಿ ಅಂತ ಲಿಂಕನ್ನ ಫೇಸ್‌ಬುಕ್ಕಲ್ಲೂ ಹಾಕ್ತೀವಿ. ಇದು ಹ್ಯಾಕಾ? ಫೋನಲ್ಲಿರೋ ಬ್ಯಾಂಕ್ ಆ್ಯಪಿಗೆ ಏನಾದ್ರೂ ಆಗತ್ತಾ ಅಂತ ಎಲ್ರೂ ಕೇಳ್ತಿದಾರೆ.

ಉತ್ತರ (ಮಾರತ್ತಹಳ್ಳಿ, ನೆಟ್‌ವರ್ಕ್ ಸೆಕ್ಯುರಿಟಿ ಕೆಲಸ):
ಮೇಡಂ, ಮೊದ್ಲು ಬ್ಯಾಂಕಿನ ಚಿಂತೆ ಬಿಡಿ. ಒಂದೇ ಮೀಟಿಂಗಲ್ಲಿ ಇದ್ದ ಮಾತ್ರಕ್ಕೆ ನಿಮ್ಮ ಫೋನೊಳಗೆ ಯಾರೂ ಬರಕ್ಕಾಗಲ್ಲ. ಅವರು ಚಾಟಲ್ಲಿ ಲಿಂಕು, ಫೈಲು ಏನಾದ್ರೂ ಹಾಕಿದ್ರಾ, ಅದನ್ನ ಯಾರಾದ್ರೂ ಒತ್ತಿದ್ರಾ, ಅಷ್ಟು ಮಾತ್ರ ವಿಚಾರಿಸಿ.

ಹ್ಯಾಕೂ ಅಲ್ಲ. ನಿಮ್ಮ ಜೂಮ್ ಲಿಂಕನ್ನ ಒಂದ್ಸಲ ಪೂರ್ತಿ ನೋಡಿ, ಕೊನೇಲಿ ಉದ್ದಕ್ಕೆ ಅರ್ಥವಾಗದ ಅಕ್ಷರಗಳ ಸಾಲು ಇರತ್ತಲ್ಲ, ಪಾಸ್‌ವರ್ಡ್ ಅದ್ರಲ್ಲೇ ಸೇರಿರತ್ತೆ. ಅಂದ್ರೆ ಲಿಂಕ್ ಒತ್ತಿದೋರಿಗೆ ಪಾಸ್‌ವರ್ಡ್ ಕೇಳೋದೇ ಇಲ್ಲ. ಬೀಗ ಹಾಕಿ ಕೀಲಿಕೈನ ಬೀಗಕ್ಕೇ ಕಟ್ಟಿಟ್ಟಂಗೆ. ಲಿಂಕ್ ಫೇಸ್‌ಬುಕ್ಕಿಗೆ ಹೋದ ಮೇಲೆ ಪಾಸ್‌ವರ್ಡ್ ಎಷ್ಟು ಕಷ್ಟದ್ದಿದ್ರೂ ಒಂದೇ. ಇಂಥ ಲಿಂಕ್ ಹುಡುಕಿ ತಮ್ಮ ತಮ್ಮ ಗ್ರೂಪಲ್ಲಿ ಹಂಚ್ಕೊಂಡು ಒಟ್ಟಿಗೆ ನುಗ್ಗೋ ಪುಂಡರಿದಾರೆ, ಅದಕ್ಕೇ ಒಬ್ಬನ್ನ ತೆಗೆದ್ರೆ ಇನ್ನೊಬ್ಬ.

2020ರ ಏಪ್ರಿಲಲ್ಲೇ ಕೇಂದ್ರ ಗೃಹ ಸಚಿವಾಲಯ ಜೂಮ್ ಬಳಸೋರಿಗೆ ಅಂತ ಸೂಚನೆ ಹೊರಡಿಸಿತ್ತು, ಅದ್ರಲ್ಲಿ ಇದ್ದಿದ್ದೇ ಈಗ್ಲೂ ಮಾಡಬೇಕಾದ್ದು: ವೇಟಿಂಗ್ ರೂಮ್ (ಒಳಗೆ ಬಿಡೋ ತನಕ ಬಂದೋರು ಆಚೆ ಕಾಯೋ ಜಾಗ) ಆನ್, ಸ್ಕ್ರೀನ್ ಶೇರ್ ಹೋಸ್ಟಿಗೆ, ಅಂದ್ರೆ ಮೀಟಿಂಗ್ ನಡೆಸೋರಿಗೆ ಮಾತ್ರ, ತೆಗೆದೋರು ಮತ್ತೆ ಬರದ ಹಾಗೆ ಸೆಟ್ಟಿಂಗು, ಹೋಸ್ಟ್ ಬರೋ ಮುಂಚೆ ಯಾರೂ ಸೇರದ ಹಾಗೆ. ನಿಮ್ಮ ಕೈಲಿ ಒಂದೇ ಆಗೋದು ಅಂದ್ರೆ ಸ್ಕ್ರೀನ್ ಶೇರ್ ಮುಚ್ಚಿ, ಭಜನೇಲಿ ಅದು ಯಾರಿಗೆ ಬೇಕು ಹೇಳಿ. ಎಲ್ರೂ ಬಂದ್ಮೇಲೆ ಮೀಟಿಂಗ್ ಲಾಕ್ ಮಾಡಿ ಅಂತಾನೂ ಆ ಪಟ್ಟೀಲಿದೆ, ಆದ್ರೆ ನಿಮಗೆ ನಾನು ಅದನ್ನ ಹೇಳಲ್ಲ. ಕರೆಂಟ್ ಹೋಗಿ ವೈಫೈ ಆಫ್ ಆದ್ರೆ ನಿಮ್ಮ ಅಜ್ಜಿಯರೇ ಆಚೆ ಉಳೀತಾರೆ, ಲಾಕ್ ಆದ್ಮೇಲೆ ಪಾಸ್‌ವರ್ಡ್ ಇದ್ರೂ ಒಳಗೆ ಬರಕ್ಕಾಗಲ್ಲ. ಆಫೀಸ್ ಮೀಟಿಂಗಿಗೆ ಸರಿ ಅದು.

ಇನ್ನೊಂದು, ಹಾಡೋರು ಬಾಗಿಲು ಕಾಯಕ್ಕಾಗಲ್ಲ. ಹಾಡದೇ ಇರೋ ಒಬ್ರನ್ನ ಕೋ-ಹೋಸ್ಟ್ (ಹೋಸ್ಟಿಗೆ ಜೊತೆಗಾರರು) ಮಾಡಿ, ಲ್ಯಾಪ್‌ಟಾಪಲ್ಲಿ ಕೂರ್ಲಿ, ವೇಟಿಂಗ್ ರೂಮ್ ನೋಡೋದಷ್ಟೇ ಅವರ ಕೆಲಸ. ಏನಾದ್ರೂ ಗಲಾಟೆ ಆದ್ರೆ ಒಬ್ಬೊಬ್ಬರನ್ನ ಹಿಡಿದು ತೆಗೀತಾ ಕೂರೋದಲ್ಲ, ಹೋಸ್ಟ್ ಟೂಲ್ಸಲ್ಲಿ ‘ಸಸ್ಪೆಂಡ್ ಪಾರ್ಟಿಸಿಪೆಂಟ್ ಆಕ್ಟಿವಿಟೀಸ್’ ಅಂತಿದೆ, ಒತ್ತಿದ್ರೆ ಎಲ್ರ ಆಡಿಯೋ, ವಿಡಿಯೋ, ಚಾಟು, ಶೇರಿಂಗು ಒಟ್ಟಿಗೆ ನಿಲ್ಲತ್ತೆ. ಆಮೇಲೆ ನಿಧಾನಕ್ಕೆ ಸೋಸಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸಾರ್. ಸೊಸೆನ ಕೂರಿಸ್ತೀನಿ, ಅವಳಿಗೆ ಹಾಡಕ್ಕೆ ಬರಲ್ಲ ಹೇಗೂ 😄 ಆದ್ರೆ ವೇಟಿಂಗ್ ರೂಮಲ್ಲಿ ‘ರೆಡ್ಮಿ’, ‘ಗ್ಯಾಲಕ್ಸಿ’, ‘ಐಪ್ಯಾಡ್’ ಅಂತಾನೇ ಬರತ್ತೆ, ಯಾವ ರೆಡ್ಮಿ ಯಾರು ಅಂತ ಹೇಗ್ ಗೊತ್ತಾಗ್ಬೇಕು? ಮತ್ತೆ ಫೇಸ್‌ಬುಕ್ಕಲ್ಲಿ ಹಾಕ್ದೇ ಇದ್ರೆ ಹೊಸಬರು ಬರೋದ್ ಹೇಗೆ?

ಉತ್ತರ:
ಸೇರುವಾಗ ಹೆಸರು ಕೇಳೋ ಜಾಗದಲ್ಲಿ ಮನೆಯವರು ಯಾರಾದ್ರೂ ಒಂದ್ಸಲ ಸರಿಯಾದ ಹೆಸರು ಹಾಕಿ, ಮುಂದಿನ ಮೀಟಿಂಗಿಗೂ ನೆನಪಿಟ್ಕೋ ಅನ್ನೋದನ್ನ ಟಿಕ್ ಮಾಡಿಕೊಟ್ರೆ ಮುಗೀತು. ಆದ್ರೂ ಹೆಸರೊಂದನ್ನೇ ನಂಬ್ಬೇಡಿ, ಒಳಗಿರೋರ ಹೆಸರನ್ನೇ ಇಟ್ಕೊಂಡು ಬರೋ ಚಾಲಾಕಿಗಳೂ ಇದಾರೆ. ಒಂದೇ ಹೆಸರು ಎರಡು ಕಂಡ್ರೆ, ಅಥವಾ ಗುರುತಿಲ್ಲದ ರೆಡ್ಮಿ ನಿಂತಿದ್ರೆ, ಸೊಸೆ ವಾಟ್ಸಾಪಲ್ಲಿ ‘ಅಜ್ಜಿ ನೀವೇನಾ’ ಅಂತ ಕೇಳ್ಲಿ.

ಹೊಸಬರಿಗೆ ಪೋಸ್ಟರಲ್ಲಿ ದಿನ, ಟೈಮು ಮಾತ್ರ ಹಾಕಿ, ಮೆಸೇಜ್ ಮಾಡಿದೋರಿಗೆ ಮಾತಾಡ್ಸಿ ಲಿಂಕ್ ಕಳ್ಸಿ. ಹಳೇ ಮೀಟಿಂಗ್ ಡಿಲೀಟ್ ಮಾಡಿ ಹೊಸದು ಮಾಡಿ, ಮಗನ ಪರ್ಸನಲ್ ಮೀಟಿಂಗ್ ಐಡಿ (ಅವರ ಅಕೌಂಟಿನ ಸ್ವಂತ ಮೀಟಿಂಗ್ ನಂಬರು) ಅಂತೂ ಕೊಡಲೇಬೇಡಿ, ಅದು ಮೀಟಿಂಗಿಂದ ಮೀಟಿಂಗಿಗೆ ತಾನಾಗೇ ಬದಲಾಗಲ್ಲ, ಅವರ ಬೇರೆ ಮೀಟಿಂಗಿಗೂ ನುಗ್ತಾರೆ. ಬರೀ ಕೇಳೋಕೆ ಬರೋರೇ ಜಾಸ್ತಿ ಇದ್ರೆ ಹಾಡೋರು ಜೂಮಲ್ಲಿ, ಕೇಳೋರು ಯೂಟ್ಯೂಬ್ ಲೈವಲ್ಲಿ, ನನ್ನ ಪ್ರಕಾರ ಇದೇ ಬೆಸ್ಟು. ಚಾನೆಲಲ್ಲಿ ಮೊದಲ ಸಲ ಲೈವ್ ಶುರುವಾಗಕ್ಕೆ 24 ಗಂಟೆ ತನಕ ಹಿಡಿಬೋದು, ದಶಮಿ ರಾತ್ರಿ ಶುರು ಮಾಡ್ಕೊಂಡು ಆಮೇಲೆ ನನ್ನ ಬೈಬೇಡಿ.

ಇನ್ನೊಬ್ಬರು (ಜೆ.ಪಿ. ನಗರ, ಅಪಾರ್ಟ್‌ಮೆಂಟ್ ಅಸೋಸಿಯೇಷನ್):
ನಾವು ಗೂಗಲ್ ಮೀಟ್ ಸಾರ್, ಅದ್ರಲ್ಲಿ?

ಉತ್ತರ:
ಹೋಸ್ಟ್ ಕಂಟ್ರೋಲಲ್ಲಿ ಆಕ್ಸೆಸ್ ‘ಓಪನ್’ ಇದ್ರೆ ಲಿಂಕ್ ಸಿಕ್ಕಿದೋರು ಕೇಳ್ದೇನೇ ಬರ್ತಾರೆ. ‘ರಿಸ್ಟ್ರಿಕ್ಟೆಡ್’ ಮಾಡಿ, ಕ್ಯಾಲೆಂಡರಲ್ಲಿ ಫ್ಲ್ಯಾಟಿನವರ ಇಮೇಲ್ ಸೇರ್ಸಿ ಇನ್ವೈಟ್ ಮಾಡಿ, ಮಿಕ್ಕೋರು ಕೇಳ್ಕೊಂಡು ಬರ್ಲಿ.

ಪ್ರಶ್ನೆ ಕೇಳಿದವರು:
ಪೊಲೀಸ್ ಕಂಪ್ಲೇಂಟ್ ಕೊಡ್ಬೋದಾ? ಬರೀ ಹೆಸರು, ಅದೂ ಸುಳ್ಳು ಹೆಸರು ಇದೆ.

ಉತ್ತರ:
ಕೊಡ್ಬೋದು, ಕೊಡಿ. ಐಟಿ ಕಾಯ್ದೆ ಸೆಕ್ಷನ್ 67ಎ ಪ್ರಕಾರ ಇಂಥ ಲೈಂಗಿಕ ದೃಶ್ಯ ಕಳಿಸೋದಕ್ಕೆ ಮೊದಲ ಸಲವೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಇದೆ. ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲಲ್ಲಿ ಹಾಕ್ಬೋದು, ಇಲ್ಲಾ ಸೈಬರ್ ಕ್ರೈಮ್ ಪೊಲೀಸ್ ಠಾಣೆಗೆ ಹೋಗ್ಬೋದು. ಮೀಟಿಂಗ್ ಐಡಿ, ದಿನ, ಟೈಮು, ಬಂದೋರ ಹೆಸರಿನ ಸ್ಕ್ರೀನ್‌ಶಾಟ್ ತಗೊಂಡು ಹೋಗಿ, ಜೂಮಿಗೂ ರಿಪೋರ್ಟ್ ಮಾಡಿ. ರೆಕಾರ್ಡಿಂಗ್ ಆಗಿದ್ರೆ ‘ನೋಡಿ ಹಿಂಗಾಯ್ತು’ ಅಂತ ಗ್ರೂಪಿಗೆ ಫಾರ್ವರ್ಡ್ ಮಾತ್ರ ಮಾಡ್ಲೇಬೇಡಿ, ಅದೇ ಸೆಕ್ಷನ್ ನಿಮ್ಮ ಮೇಲೂ ಬರ್ಬೋದು.