ಭಾಷೆಯ ಸಂಕೇತವನ್ನು ಎಲ್ಲಿ ಸರಿಪಡಿಸಬೇಕು?

ಪ್ರಶ್ನೆ (ಸಾಗರ): ಮಾನ್ಯರೇ, ನಮ್ಮ ಕಾಲೇಜು ಗ್ರಂಥಾಲಯದ ಪುಸ್ತಕಗಳನ್ನು ಕೋಹಾ ತಂತ್ರಾಂಶಕ್ಕೆ ಸೇರಿಸುತ್ತಿದ್ದೇವೆ. ಶೀರ್ಷಿಕೆ, ಲೇಖಕರ ಹೆಸರು ಸರಿಯಾಗಿದ್ದರೂ ಭಾಷೆ ‘ಕನ್ನಡ’ ಎಂದು ಆರಿಸಿ ಹುಡುಕಿದರೆ ಅನೇಕ ಕಾದಂಬರಿಗಳು ಕಾಣಿಸುವುದಿಲ್ಲ. ಕಾರಣವೇನಿರಬಹುದು?

ಉತ್ತರ (ಶಿವಮೊಗ್ಗ): ಮಾರ್ಕ್ 21ರ (ಪುಸ್ತಕದ ವಿವರಗಳನ್ನು ಗಣಕದಲ್ಲಿ ದಾಖಲಿಸುವ ಮಾನಕ ವಿನ್ಯಾಸ) 008 ಫೀಲ್ಡ್, ಅಂದರೆ 008 ಸಂಖ್ಯೆಯ ಅಂಕಣ, ನೋಡಿರಿ. ಅದರ 40 ಸ್ಥಾನಗಳಲ್ಲಿ (ಸೊನ್ನೆಯಿಂದ ಎಣಿಸಿ) 35ರಿಂದ 37ರವರೆಗಿನವು ಭಾಷೆಗೆ ಮೀಸಲು. ಅಲ್ಲಿ ‘ಕೆ-ಎ-ಎನ್’ ಇರಬೇಕಾದ ಕಡೆ ತಾನಾಗಿ ತುಂಬಿಬಂದ ‘ಇ-ಎನ್-ಜಿ’ ಉಳಿದಿದ್ದರೆ, ಮುಖಪುಟ ಪೂರ್ತಿ ಕನ್ನಡದಲ್ಲಿದ್ದರೂ ಹುಡುಕಾಟಕ್ಕೆ ಅದು ಇಂಗ್ಲಿಷ್ ಪುಸ್ತಕವೇ. ಕೋಹಾದ ಸಿಸ್ಟಮ್ ಪ್ರಿಫರೆನ್ಸ್‌ನಲ್ಲಿ (ತಂತ್ರಾಂಶದ ಒಟ್ಟಾರೆ ಆಯ್ಕೆಗಳಲ್ಲಿ) ಈ ಪೂರ್ವನಿಗದಿತ ಸಂಕೇತವನ್ನು ಬದಲಿಸಬಹುದು. ಸಾಹಿತ್ಯ ಪ್ರಕಾರವನ್ನು ಸೂಚಿಸುವ 33ನೇ ಸ್ಥಾನವನ್ನೂ ದಯವಿಟ್ಟು ಖಾಲಿ ಬಿಡಬೇಡಿ: ಕಾದಂಬರಿಗೆ ‘ಎಫ್’, ಸಣ್ಣಕಥೆಗೆ ‘ಜೆ’, ಕವಿತೆಗೆ ‘ಪಿ’.

ಉತ್ತರ (ತೀರ್ಥಹಳ್ಳಿ): ಅನುವಾದವಾದರೆ ಮೂಲಭಾಷೆಯನ್ನು 041 ಫೀಲ್ಡ್‌ನಲ್ಲಿ ಕೊಡಿರಿ. ತುಳು ಪುಸ್ತಕಗಳಿಗೆ ಮಾರ್ಕ್‌ನ ಭಾಷಾ ಸಂಕೇತಗಳ ಪಟ್ಟಿಯಲ್ಲಿ ದ್ರಾವಿಡ ಸಮೂಹದ ‘ಡಿ-ಆರ್-ಎ’ ಸಂಕೇತವೇ ಇರುವುದರಿಂದ, 546 ಫೀಲ್ಡ್‌ನ ಭಾಷಾ ಟಿಪ್ಪಣಿಯಲ್ಲಿ ‘ತುಳು’ ಎಂದು ಬರೆಯಲೇಬೇಕು.